ಯೇಸುವಿನ ತಾಯಿಗೆ ಪಾಪವಿರಲಿಲ್ಲವೇ? ಮೂರು ಸಭೆಗಳು, ಎರಡು ಪ್ರಶ್ನೆಗಳು

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟೆಂಟ್ ಸಭೆ) ಕುಟುಂಬ, ಹಿಂದೆ ಬಾಸೆಲ್ ಮಿಶನ್ ಸಭೆಯವರು. ಮಗಳನ್ನು ಕಥೋಲಿಕರ ಮನೆಗೆ ಕೊಟ್ಟಿದ್ದೇವೆ. ಡಿಸೆಂಬರ್ 8ಕ್ಕೆ ಅವರಲ್ಲಿ ‘ಅಮಲೋದ್ಭವ ಮಾತೆ’ಯ ಹಬ್ಬ. ಯೇಸುವಿನ ತಾಯಿಗೆ ಪಾಪವೇ ಇರಲಿಲ್ಲ ಎಂದು ಅಳಿಯ ಹೇಳುತ್ತಾರೆ. ‘ಎಲ್ಲರೂ ಪಾಪ ಮಾಡಿದ್ದಾರೆ’ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ (3:23) ಇದೆಯಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಗೆ ಸೇರಿದ ನನ್ನ ಸಹೋದ್ಯೋಗಿ, ‘ಆಕೆ ಪಾಪ ಮಾಡಲಿಲ್ಲ ಅನ್ನುವುದು ನಿಜ, ಆದರೆ ಕಥೋಲಿಕರ ಅಮಲೋದ್ಭವ ನಮಗೆ ಒಪ್ಪಿಗೆಯಿಲ್ಲ’ ಎನ್ನುತ್ತಾರೆ. ಇದು ಬೈಬಲಿನಲ್ಲಿ ಇದೆಯೇ? ಮಗಳು ಇದನ್ನು ನಂಬಲೇಬೇಕೇ?

ಉತ್ತರ: ನಿಮ್ಮ ಸಹೋದ್ಯೋಗಿಯ ಮಾತು ವಿರೋಧಾಭಾಸದಂತೆ ಕಂಡರೂ ಈ ವಿವಾದವನ್ನು ಅರ್ಥ ಮಾಡಿಕೊಳ್ಳಲು ಅದೇ ಸರಿಯಾದ ದಾರಿ. ‘ಮರಿಯ ಪಾಪರಹಿತರೇ?’ ಎಂಬ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಅವರು ತಮ್ಮ ಜೀವಮಾನದಲ್ಲಿ ಯಾವತ್ತಾದರೂ ಪಾಪ ಮಾಡಿದರೇ ಎಂಬುದು ಮೊದಲನೆಯದು. ಕಥೋಲಿಕ ಧರ್ಮೋಪದೇಶದಲ್ಲಿ ಇದು ಕರ್ಮಪಾಪ. ಆದಾಮನಿಂದ ಮನುಷ್ಯಕುಲಕ್ಕೆ ಇಳಿದು ಬಂದ ಜನ್ಮಪಾಪ ಅವರಿಗೆ ತಗಲಿತ್ತೇ ಎಂಬುದು ಎರಡನೆಯದು. ಕಥೋಲಿಕರು ಎರಡಕ್ಕೂ ‘ಇಲ್ಲ’ ಎನ್ನುತ್ತಾರೆ. ಆರ್ಥೊಡಾಕ್ಸರು ಮೊದಲನೆಯದಕ್ಕೆ ‘ಇಲ್ಲ’ ಎಂದು, ಎರಡನೆಯ ಪ್ರಶ್ನೆಯನ್ನು ಹಾಗೆ ಕೇಳುವುದೇ ತಪ್ಪು ಎನ್ನುತ್ತಾರೆ. ಪ್ರಾಟೆಸ್ಟೆಂಟರಲ್ಲಿ ಬಹುಪಾಲು ಜನ ಪಾಪವಿಲ್ಲದವನು ಕ್ರಿಸ್ತನೊಬ್ಬನೇ ಎಂದು ಎರಡಕ್ಕೂ ‘ಹೌದು’ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಮಾತು ನಿಲ್ಲುವ ಕಾರಣವೂ ಇದೇ ಇರಬಹುದು. ಡಿಸೆಂಬರ್ 8ರ ಹಬ್ಬ ಎರಡನೆಯ ಪ್ರಶ್ನೆಗೆ ಸೇರಿದ್ದು. ನೀವು ಎತ್ತುವ ವಾಕ್ಯ ಮೊದಲನೆಯದಕ್ಕೆ ಹೆಚ್ಚು ತಾಗುತ್ತದೆ.

ಮೊದಲು ಒಂದು ಗೊಂದಲವನ್ನು ತೆಗೆದುಬಿಡಬೇಕು. ಅಮಲೋದ್ಭವ ಎಂದರೆ ಯೇಸು ಕನ್ಯೆಯ ಗರ್ಭದಲ್ಲಿ ಹುಟ್ಟಿದ್ದಲ್ಲ. ಮರಿಯ ತಮ್ಮ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣಕ್ಕೆ ಸಂಬಂಧಿಸಿದ ಬೋಧನೆ ಅದು. ಅವರಿಗೆ ಎಲ್ಲರಂತೆ ತಂದೆತಾಯಿ ಇದ್ದರು, ಎಲ್ಲರಂತೆಯೇ ಹುಟ್ಟಿದರು. ಕಥೋಲಿಕ ಬೋಧನೆ ಇದನ್ನು ಅಲ್ಲಗಳೆಯುವುದಿಲ್ಲ. (ಯೋವಾಕಿಮ್, ಅನ್ನಾ ಎಂಬ ಹೆಸರುಗಳು ಬೈಬಲಿನವಲ್ಲ, ಎರಡನೇ ಶತಮಾನದ ಬೈಬಲೇತರ ಬರಹವೊಂದರಿಂದ ಬಂದವು.) ಹುಟ್ಟು ಕಥೋಲಿಕರಿಗೇ ಈ ಗೊಂದಲ ಆಗುವುದಕ್ಕೆ ಕಾರಣವಿದೆ. ಆ ದಿನದ ಬಲಿಪೂಜೆಯಲ್ಲಿ (ಮಾಸ್) ಓದುವ ಶುಭಸಂದೇಶ ಲೂಕ 1:26–38, ಅಂದರೆ ದೇವದೂತ ಗಬ್ರಿಯೇಲನು ಮರಿಯ ಅವರಿಗೆ ಯೇಸುವಿನ ಜನನವನ್ನು ಸಾರಿದ ಭಾಗ. ಕೇಳಿದವರು ಹಬ್ಬವೂ ಅದರದೇ ಎಂದುಕೊಳ್ಳುತ್ತಾರೆ. ತಾರೀಕು ನೋಡಿದರೆ ವಿಷಯ ತಿಳಿಯಾಗುತ್ತದೆ. ನಿಮ್ಮ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ತಂದು ಮೊಂತಿ ಫೆಸ್ತ್ ಮಾಡುತ್ತಾರಲ್ಲ, ಅದು ಮರಿಯ ಅವರ ಜನ್ಮದಿನ. ಅಲ್ಲಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 8.

ಪೋಪ್ ಒಂಬತ್ತನೇ ಪಿಯುಸ್ 1854ರ ಡಿಸೆಂಬರ್ 8ರಂದು ಘೋಷಿಸಿದ್ದನ್ನು ಅದರ ಮಾತುಗಳಿಗೆ ಹತ್ತಿರವಾಗಿಯೇ ಹೇಳುವುದಾದರೆ ಹೀಗೆ: ಮರಿಯ ತಮ್ಮ ಉದ್ಭವದ ಮೊದಲ ಕ್ಷಣದಿಂದಲೇ, ದೇವರ ವಿಶೇಷ ಕೃಪೆಯಿಂದ, ಮನುಕುಲದ ರಕ್ಷಕನಾದ ಯೇಸು ಕ್ರಿಸ್ತನ ಪುಣ್ಯಫಲವನ್ನು ಮುಂದಿಟ್ಟುಕೊಂಡು, ಜನ್ಮಪಾಪದ ಎಲ್ಲ ಕಳಂಕದಿಂದ ಕಾಪಾಡಲ್ಪಟ್ಟರು. ಇದರಲ್ಲಿ ತೂಕವಿರುವುದು ‘ಯೇಸು ಕ್ರಿಸ್ತನ ಪುಣ್ಯಫಲ’ ಎಂಬ ಮಾತಿಗೆ. ಆಕೆ ತಾವಾಗಿ ಶುದ್ಧರಾಗಿದ್ದರು, ಅವರಿಗೆ ರಕ್ಷಕ ಬೇಕಿರಲಿಲ್ಲ ಎಂದು ಕಥೋಲಿಕ ಸಭೆ ಕಲಿಸುವುದಿಲ್ಲ. ಹಾಗೆ ಯಾರಾದರೂ ವಾದಿಸಿದರೆ ಅವರು ತಮ್ಮ ಸಭೆಯ ಬೋಧನೆಯನ್ನೇ ತಪ್ಪಾಗಿ ಹೇಳುತ್ತಿದ್ದಾರೆ. ಜನ್ಮಪಾಪ ಎಂಬುದಕ್ಕೂ ಅವರಲ್ಲಿ ಖಚಿತ ಅರ್ಥವಿದೆ. ಕಥೋಲಿಕ ಧರ್ಮಬೋಧೆಯ 404 ಮತ್ತು 405ನೇ ಪರಿಚ್ಛೇದಗಳ ಪ್ರಕಾರ ಅದು ನಾವು ಮಾಡಿದ ತಪ್ಪಲ್ಲ, ನಮಗೆ ಬಂದು ಸೇರಿದ ಸ್ಥಿತಿ. ಮೊದಲು ಮನುಷ್ಯನಿಗಿದ್ದ ಪಾವಿತ್ರ್ಯದ ಕೊರತೆ. ಮೈಥುನಕ್ಕೆ ಅಂಟಿದ ಕೊಳೆ ಎಂಬ ಅರ್ಥ ಅದಕ್ಕಿಲ್ಲ. ಮರಿಯ ಜೀವನವಿಡೀ ಕರ್ಮಪಾಪವನ್ನೂ ಮಾಡಲಿಲ್ಲ ಎಂಬುದು ಅದೇ ಗ್ರಂಥದ 493ನೇ ಪರಿಚ್ಛೇದದಲ್ಲಿ ಬೇರೆಯಾಗಿ ಬರುತ್ತದೆ.

ಈಗ ಬೈಬಲ್. ನೇರವಾಗಿ ಹೇಳಿಬಿಡುತ್ತೇನೆ: ಮರಿಯ ಪಾಪವಿಲ್ಲದೆ ಮೂಡಿದರು ಎಂದು ಹೇಳುವ ವಾಕ್ಯ ಬೈಬಲಿನಲ್ಲಿ ಒಂದೂ ಇಲ್ಲ. ಅವರು ಇಂಥ ಪಾಪ ಮಾಡಿದರು ಎನ್ನುವ ವಾಕ್ಯವೂ ಇಲ್ಲ. ಎರಡೂ ಕಡೆಯವರು ಮುಂದಿಡುವ ವಾಕ್ಯಗಳು ಅವರು ಅಂದುಕೊಂಡಷ್ಟು ಭಾರ ಹೊರುವುದಿಲ್ಲ.

ನಿಮ್ಮ ರೋಮ 3:23ನ್ನೇ ತೆಗೆದುಕೊಳ್ಳಿ. ಅಲ್ಲಿ ಪೌಲನ ವಾದ ಯೆಹೂದ್ಯರೂ ಅನ್ಯಜನರೂ ದೇವರ ಮುಂದೆ ಒಂದೇ ಸ್ಥಿತಿಯಲ್ಲಿದ್ದಾರೆ ಎಂಬುದು. ‘ಎಲ್ಲರೂ’ ಎಂಬುದಕ್ಕೆ ಒಂದೂ ಅಪವಾದವಿಲ್ಲ ಎಂದು ಹಿಡಿದರೆ ಯೇಸುವೂ ಸೇರಿಬಿಡುತ್ತಾನೆ, ಇನ್ನೂ ಬುದ್ಧಿ ಬಲಿಯದೆ ತೀರಿಹೋದ ಕೂಸುಗಳೂ ಸೇರುತ್ತವೆ ಎಂದು ಕಥೋಲಿಕರು ಉತ್ತರಿಸುತ್ತಾರೆ. ಇದಕ್ಕೆ ಪ್ರಾಟೆಸ್ಟೆಂಟರ ಮರುಮಾತು ಗಟ್ಟಿಯಾಗಿದೆ, ಅದನ್ನು ಹಗುರಾಗಿ ತಳ್ಳಿಹಾಕಬಾರದು: ಯೇಸುವಿನ ಅಪವಾದವನ್ನು ಬೈಬಲೇ ಬಾಯಿಬಿಟ್ಟು ಹೇಳುತ್ತದೆ (ಇಬ್ರಿಯ 4:15, 2 ಕೊರಿಂಥ 5:21, 1 ಪೇತ್ರ 2:22), ಮರಿಯ ವಿಷಯದಲ್ಲಿ ಅಂಥ ಒಂದು ವಾಕ್ಯ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಈ ವಾಕ್ಯದಿಂದ ಕಥೋಲಿಕ ಬೋಧನೆ ಬಿದ್ದುಹೋಗುವುದಿಲ್ಲ, ಆದರೆ ಅಪವಾದವಿದೆ ಎಂದು ತೋರಿಸುವ ಹೊಣೆ ಕಥೋಲಿಕರ ಮೇಲೆ ಬೀಳುತ್ತದೆ.

ಅವರು ತೋರಿಸುವುದು ಲೂಕ 1:28ನ್ನು. ದೇವದೂತ ಹೆಸರು ಹಿಡಿದು ಕರೆಯದೆ, ‘ಕೃಪೆ ಹೊಂದಿರುವವಳೇ’ ಎಂಬ ಅರ್ಥದ ಗ್ರೀಕ್ ಪದದಿಂದ ಕರೆಯುತ್ತಾನೆ. ಹಿಂದೆಯೇ ಪೂರ್ತಿಯಾಗಿ ಆಗಿ, ಈಗಲೂ ಉಳಿದಿರುವ ಸ್ಥಿತಿಯನ್ನು ತೋರಿಸುವ ಕ್ರಿಯಾರೂಪ ಅದು. ಲ್ಯಾಟಿನ್ ಬೈಬಲಿನಲ್ಲಿ ಇದು ‘ಕೃಪಾಪೂರ್ಣೆ’ ಎಂದಾಯಿತು, ಅಲ್ಲಿಂದ ಜಪಮಾಲೆಯ ‘ವರಪ್ರಸಾದ ಪೂರ್ಣೆ’ ಬಂತು. ಪದ ಅಪರೂಪದ್ದು, ನಿಜ. ಆದರೆ ಕೃಪೆ ಯಾವ ಗಳಿಗೆಯಲ್ಲಿ ಶುರುವಾಯಿತು ಎಂದು ಅದು ಹೇಳುವುದಿಲ್ಲ. ಅದೇ ಧಾತುವನ್ನು ಎಫೆಸ 1:6ರಲ್ಲಿ ಎಲ್ಲ ವಿಶ್ವಾಸಿಗಳ ಬಗ್ಗೆ ಬಳಸಲಾಗಿದೆ. ಅಪೊಸ್ತಲರ ಕೃತ್ಯಗಳು 6:8ರಲ್ಲಿ ಸ್ತೆಫನನನ್ನೂ ಕೃಪೆಯಿಂದ ತುಂಬಿದವನು ಎಂದಿದೆ. ವಿವೇಕವುಳ್ಳ ಕಥೋಲಿಕ ಪಂಡಿತರು ಈ ವಾಕ್ಯವನ್ನು ಪುರಾವೆ ಎಂದು ಮುಂದಿಡುವುದಿಲ್ಲ, ಬೋಧನೆ ಬೇರೂರಲು ಇದ್ದ ನೆಲ ಎನ್ನುತ್ತಾರೆ.

ಇನ್ನೊಂದು ಆದಿಕಾಂಡ 3:15. ಕೈ ಮುಗಿದು, ಮಗುವಿಲ್ಲದೆ ಒಬ್ಬರೇ ನಿಂತ, ಕಾಲ ಕೆಳಗೆ ಹಾವಿರುವ ಮರಿಯ ಪ್ರತಿಮೆಯನ್ನು ನೀವು ನೋಡಿರುತ್ತೀರಿ. ಹಾವಿನ ತಲೆ ಜಜ್ಜುವುದು ‘ಆಕೆ’ ಎಂದು ಹಳೆಯ ಲ್ಯಾಟಿನ್ ಪಾಠದಲ್ಲಿತ್ತು, ಪ್ರತಿಮೆಯ ರೂಪಕ್ಕೆ ಅದೇ ಆಧಾರ. ಹೀಬ್ರೂ ಮೂಲದಲ್ಲಿ ಜಜ್ಜುವುದು ಆಕೆಯ ಸಂತಾನ. ವ್ಯಾಟಿಕನ್ 1979ರಲ್ಲಿ ಹೊರತಂದ ಪರಿಷ್ಕೃತ ಲ್ಯಾಟಿನ್ ಬೈಬಲಿನಲ್ಲಿ ಇದನ್ನು ಸಂತಾನ ಎಂದೇ ತಿದ್ದಲಾಗಿದೆ. ಆದ್ದರಿಂದ ಆ ಪ್ರತಿಮೆಯನ್ನು ತೋರಿಸಿ ವಾದ ಗೆಲ್ಲಲು ಹೋಗಬಾರದು.

ಪ್ರಾಟೆಸ್ಟೆಂಟರು ಎತ್ತುವ ಕೆಲವು ವಾಕ್ಯಗಳೂ ಇಷ್ಟೇ ಸಡಿಲ. ಮರಿಯ ದೇವಾಲಯದಲ್ಲಿ ಶುದ್ಧೀಕರಣದ ಬಲಿ ಕೊಟ್ಟರು (ಲೂಕ 2:24), ಅದು ಯಾಜಕಕಾಂಡ 12ರ ಪ್ರಕಾರ ಪಾಪಪರಿಹಾರದ ಬಲಿ, ಆದ್ದರಿಂದ ಪಾಪಿ ಎಂಬ ವಾದ ನಿಲ್ಲುವುದಿಲ್ಲ. ಆ ನಿಯಮ ಹೆತ್ತ ಪ್ರತಿ ಹೆಂಗಸಿಗೂ ಇತ್ತು, ಹೆರುವುದೇನೂ ಪಾಪವಲ್ಲ. ಪಶ್ಚಾತ್ತಾಪದ ಸ್ನಾನಕ್ಕೆ ಯೇಸುವೂ ಯೋಹಾನನ ಬಳಿಗೆ ಹೋದನಲ್ಲ. ಮಾರ್ಕ 3:21 ಮತ್ತು 31–35 ಇದಕ್ಕಿಂತ ಗಂಭೀರ. ಅವನಿಗೆ ಬುದ್ಧಿ ಕೆಟ್ಟಿದೆ ಎಂದು ಮನೆಯವರು ಹಿಡಿದು ತರಲು ಹೊರಡುತ್ತಾರೆ. ಆಮೇಲೆ ತಾಯಿಯೂ ತಮ್ಮಂದಿರೂ ಹೊರಗೆ ನಿಂತು ಕರೆಕಳುಹಿಸುತ್ತಾರೆ. ಮಗನ ಕೆಲಸ ಆಗ ಆಕೆಗೆ ಪೂರ್ತಿ ಅರ್ಥವಾಗಿರಲಿಲ್ಲ ಎಂಬುದನ್ನು ಈ ಭಾಗ ತೋರಿಸುತ್ತದೆ. ಆದರೆ ತಿಳಿಯದಿರುವುದು ಪಾಪವೇ? ತಾಯಿಯ ಆತಂಕ ಪಾಪವೇ? ಮಾರ್ಕ ಅದನ್ನು ಹೇಳದೆ ಬಿಡುತ್ತಾನೆ.

ಇಷ್ಟರಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಲೂಕ 1:47. ‘ನನ್ನ ರಕ್ಷಕನಾದ ದೇವರಲ್ಲಿ ನನ್ನ ಆತ್ಮ ಉಲ್ಲಾಸಗೊಂಡಿದೆ’ ಎಂಬ ಅರ್ಥದ ಮಾತನ್ನು ಮರಿಯ ತಾವೇ ಹಾಡುತ್ತಾರೆ. ಪಾಪವಿಲ್ಲದಿದ್ದರೆ ರಕ್ಷಕ ಏಕೆ? ಪ್ರಾಟೆಸ್ಟೆಂಟರು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಕಥೋಲಿಕ ಸಭೆಯೊಳಗಿನ ಅತಿ ದೊಡ್ಡ ಪಂಡಿತರು ಎತ್ತಿದ್ದ ಆಕ್ಷೇಪ ಇದು. ಆ ಜಗಳವನ್ನು ಅರಿಯದೆ ಈ ವಿಷಯ ಅರಿತಂತಾಗದು.

ಅದಕ್ಕೂ ಹಿಂದೆ, ಮೊದಲ ಶತಮಾನಗಳ ಸಭಾಪಿತೃಗಳು, ಅಂದರೆ ಆರಂಭಕಾಲದ ಕ್ರೈಸ್ತ ಗುರುಗಳು, ಒಂದೇ ಮಾತಿನವರಾಗಿರಲಿಲ್ಲ. ಎರಡನೇ ಶತಮಾನದಲ್ಲಿ ಜಸ್ಟಿನ್ ಮತ್ತು ಇರೆನೇಯಸ್ ಮರಿಯ ಅವರನ್ನು ಹವ್ವಳಿಗೆ ಎದುರಾಗಿ ನಿಲ್ಲಿಸಿದರು: ಅವಳ ಅವಿಧೇಯತೆ ಕಟ್ಟಿದ್ದನ್ನು ಇವರ ವಿಧೇಯತೆ ಬಿಚ್ಚಿತು. ನಾಲ್ಕನೇ ಶತಮಾನದ ಸಿರಿಯಾಕ್ ಕವಿ ಸಂತ ಎಫ್ರೇಮ್, ಕ್ರಿಸ್ತನಲ್ಲಿ ಕಲೆಯಿಲ್ಲ, ಅವನ ತಾಯಿಯಲ್ಲಿ ಕಳಂಕವಿಲ್ಲ ಎಂದು ಹಾಡಿದರು. ಆದರೆ ಓರಿಜನ್, ನಿನ್ನ ಪ್ರಾಣವನ್ನೂ ಕತ್ತಿ ತಿವಿಯುವುದು ಎಂದು ಸಿಮೆಯೋನನು ಮರಿಯರಿಗೆ ಹೇಳಿದ ಆ ಕತ್ತಿ (ಲೂಕ 2:35) ಶಿಲುಬೆಯ ಹೊತ್ತಿನಲ್ಲಿ ಆಕೆಯನ್ನು ಚುಚ್ಚಿದ ಸಂಶಯ ಎಂದರು. ಬೆಸಿಲ್ ಅದನ್ನೇ ಹಿಡಿದರು. ಪೂರ್ವದ ಸಭೆ ಇಂದಿಗೂ ತಲೆಯ ಮೇಲೆ ಹೊರುವ ಯೋಹಾನ ಕ್ರಿಸೊಸ್ತೊಮ್, ಕಾನಾ ಮದುವೆಯ ಮಾತಿನಲ್ಲೂ ಯೇಸುವನ್ನು ಹೊರಗೆ ಕರೆಸಿದ್ದರಲ್ಲೂ ತಾಯಿಯ ಹೆಚ್ಚುಗಾರಿಕೆಯ ಆಸೆಯನ್ನು ಕಂಡರು. ‘ಮೊದಲಿನಿಂದ ಎಲ್ಲರೂ ನಂಬಿದ್ದರು’ ಎಂದು ಯಾರಾದರೂ ಹೇಳಿದರೆ ಈ ಮೂರು ಹೆಸರು ನೆನಪಿರಲಿ. ಪಶ್ಚಿಮದಲ್ಲಿ ಅಗಸ್ಟಿನ್ 415ರಲ್ಲಿ, ಮನುಷ್ಯ ತನ್ನ ಬಲದಿಂದಲೇ ಪಾಪವಿಲ್ಲದೆ ಬಾಳಬಲ್ಲ ಎಂದ ಪೆಲಾಜಿಯಸ್‌ಗೆ ಉತ್ತರ ಬರೆಯುತ್ತ, ಪಾಪದ ಮಾತು ಬಂದಾಗ ಕನ್ಯೆ ಮರಿಯರ ವಿಷಯ ಬೇಡ, ಅದು ಕರ್ತನ ಗೌರವದ ಪ್ರಶ್ನೆ ಎಂದರು. ಆ ಮಾತು ಕರ್ಮಪಾಪಕ್ಕೆ ಸಂಬಂಧಿಸಿದ್ದು. ಜನ್ಮಪಾಪದ ಬೋಧನೆಯನ್ನು ಗಟ್ಟಿ ಮಾಡಿದವರೂ ಅದೇ ಅಗಸ್ಟಿನ್. ಪ್ರತಿ ಮಗುವೂ ಅದನ್ನು ಹೊತ್ತೇ ಹುಟ್ಟುತ್ತದೆ ಎಂದ ಮೇಲೆ, ಮರಿಯ ಎಂಬ ಮಗುವಿನ ಕಥೆ ಏನು ಎಂಬ ಪ್ರಶ್ನೆ ಪಶ್ಚಿಮಕ್ಕೆ ಉಳಿದುಕೊಂಡಿತು.

ಉತ್ತರಕ್ಕೆ ಒತ್ತಾಯ ಬಂದದ್ದು ಹಬ್ಬದಿಂದ. ಪೂರ್ವದಲ್ಲಿ ಮೊದಲೇ ಇದ್ದ, ಅನ್ನಾ ಮರಿಯರನ್ನು ಗರ್ಭದಲ್ಲಿ ಧರಿಸಿದ ಹಬ್ಬ ಹನ್ನೊಂದನೇ ಶತಮಾನದ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡು ಫ್ರಾನ್ಸಿಗೆ ದಾಟಿತು. ಸುಮಾರು 1140ರಲ್ಲಿ ಲಿಯೋನ್ ನಗರದ ಪಾದ್ರಿಗಳು ಇದನ್ನು ಶುರು ಮಾಡಿದಾಗ ಕ್ಲೇರ್ವೊದ ಬರ್ನಾರ್ಡ್ ಕಟುವಾದ ಪತ್ರ ಬರೆದರು. ಮರಿಯ ಭಕ್ತಿಯಲ್ಲಿ ಬರ್ನಾರ್ಡರನ್ನು ಮೀರಿಸಿದವರು ಕಡಿಮೆ. ಆಕೆ ಪಾಪ ಮಾಡಲಿಲ್ಲ, ಪವಿತ್ರರಾಗಿಯೇ ಹುಟ್ಟಿದರು ಎಂದು ನಂಬಿದವರು. ಆದರೂ ಗರ್ಭಧಾರಣೆಗೆ ಹಬ್ಬ ಏಕೆ ಎಂದು ಕೇಳಿದರು. ಮಗಳ ಪಾವಿತ್ರ್ಯಕ್ಕಾಗಿ ಅವಳ ಉದ್ಭವವೂ ಪವಿತ್ರ ಎನ್ನುವುದಾದರೆ ತಂದೆತಾಯಿಗೂ, ಅಜ್ಜ-ಅಜ್ಜಿಗೂ, ಅವರ ಹಿಂದಿನವರಿಗೂ ಹೀಗೇ ಹಬ್ಬ ಮಾಡುತ್ತ ಹೋಗಬೇಕಲ್ಲ ಎಂಬುದು ಅವರ ವಾದ. ‘ಯೇಸು ಶುದ್ಧನಾಗಿ ಹುಟ್ಟಬೇಕಾದರೆ ತಾಯಿ ಶುದ್ಧಳಿರಲೇಬೇಕಿತ್ತು’ ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಬರ್ನಾರ್ಡರ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕಥೋಲಿಕ ಬೋಧನೆ ಕೂಡ ಹಾಗೆ ಇರಲೇಬೇಕಿತ್ತು ಎನ್ನುವುದಿಲ್ಲ, ದೇವರು ಹಾಗೆ ಮಾಡಿದ್ದು ಉಚಿತವಾಗಿತ್ತು ಎನ್ನುತ್ತದೆ.

ಥಾಮಸ್ ಅಕ್ವಿನಾಸ್ ಹದಿಮೂರನೇ ಶತಮಾನದಲ್ಲಿ ಇದೇ ದಾರಿ ಹಿಡಿದರು. ಮರಿಯ ಎಂದೂ ಜನ್ಮಪಾಪಕ್ಕೆ ಒಳಗಾಗಲೇ ಇಲ್ಲ ಎಂದರೆ ಅವರಿಗೆ ಕ್ರಿಸ್ತನ ವಿಮೋಚನೆ ಬೇಕಾಗಲಿಲ್ಲ ಎಂದಾಗುತ್ತದೆ. ಆಗ ಕ್ರಿಸ್ತ ಎಲ್ಲರ ರಕ್ಷಕ ಎನ್ನುವಂತಿಲ್ಲ. ಆದ್ದರಿಂದ ಆತ್ಮ ಕೂಡಿದ ಬಳಿಕ, ಹುಟ್ಟುವ ಮೊದಲು, ಗರ್ಭದಲ್ಲೇ ಶುದ್ಧೀಕರಣವಾಯಿತು ಎಂಬುದು ಅವರ ತೀರ್ಮಾನ. ಯೆರೆಮೀಯ (1:5), ಸ್ನಾನಿಕ ಯೋಹಾನ (ಲೂಕ 1:15) ಇವರ ನಿದರ್ಶನ ಇತ್ತು. ಅಂದಿನ ಶರೀರಶಾಸ್ತ್ರದ ಪ್ರಕಾರ ಗರ್ಭ ನಿಂತ ಎಷ್ಟೋ ದಿನಗಳ ಮೇಲೆ ಮನುಷ್ಯಾತ್ಮ ಕೂಡುತ್ತದೆ ಎಂದು ನಂಬಿದ್ದರಿಂದ ‘ಮೊದಲ ಕ್ಷಣ’ ಯಾವುದು ಎಂಬುದೇ ಆಗ ಗೋಜಲಾಗಿತ್ತು. ಗಮನಿಸಿ, ಲೂಕ 1:47ರಿಂದ ನೀವು ಎತ್ತಬಹುದಾದ ಆಕ್ಷೇಪವೇ ಇದು, ಎತ್ತಿದವರು ಕಥೋಲಿಕ ಸಭೆಯ ಶ್ರೇಷ್ಠ ಗುರು.

ಈ ತೊಡಕನ್ನು ಬಿಡಿಸಿದವರು ಜಾನ್ ಡನ್ಸ್ ಸ್ಕೋಟಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ. ಆಕ್ಸ್‌ಫರ್ಡ್, ಪ್ಯಾರಿಸ್‌ಗಳಲ್ಲಿ ಪಾಠ ಹೇಳಿ 1308ರಲ್ಲಿ ತೀರಿಕೊಂಡವರು. ಆಕ್ಷೇಪವನ್ನೇ ತಿರುಗಿಸಿ ಹಿಡಿದದ್ದು ಅವರ ಜಾಣತನ. ಕ್ರಿಸ್ತ ಪರಿಪೂರ್ಣ ಮಧ್ಯಸ್ಥನಾದರೆ, ಕನಿಷ್ಠ ಒಬ್ಬರ ವಿಷಯದಲ್ಲಾದರೂ ಅವನ ರಕ್ಷಣೆ ಪರಿಪೂರ್ಣ ರೀತಿಯಲ್ಲಿ ನಡೆದಿರಬೇಕು. ಬಾವಿಗೆ ಬಿದ್ದವನನ್ನು ಎತ್ತುವುದೂ ರಕ್ಷಣೆಯೇ, ಅಂಚಿನಲ್ಲಿ ಕಾಲು ಜಾರುವ ಮೊದಲೇ ತೋಳು ಹಿಡಿಯುವುದೂ ರಕ್ಷಣೆಯೇ; ಎರಡನೆಯದು ಹೆಚ್ಚಿನದು. ಹಾಗಾಗಿ ಕಾಪಾಡಲ್ಪಟ್ಟ ಮರಿಯ ಎಲ್ಲರಿಗಿಂತ ಹೆಚ್ಚಾಗಿ ಕ್ರಿಸ್ತನ ಋಣದಲ್ಲಿದ್ದಾರೆ. ಶಿಲುಬೆ ಇನ್ನೂ ಮುಂದಿತ್ತಲ್ಲ ಎಂದರೆ, ದೇವರಿಗೆ ಮುಂದಿನದು ತಿಳಿದೇ ಇತ್ತು. ಹಳೆಯ ಒಡಂಬಡಿಕೆಯ ಭಕ್ತರೂ ಬರಲಿದ್ದ ಕ್ರಿಸ್ತನಿಂದಲೇ ರಕ್ಷಣೆ ಪಡೆದರು ಎಂದು ಎಲ್ಲರೂ ಒಪ್ಪುತ್ತಾರೆ. ಈ ವಾದ ಬಂದ ಮೇಲೆ ‘ರಕ್ಷಕ ಬೇಡವಾದಂತಾಯಿತು’ ಎಂಬ ಆಕ್ಷೇಪ ಬಲ ಕಳೆದುಕೊಂಡಿತು ಎಂದೇ ನಾನು ತಿಳಿಯುತ್ತೇನೆ. ಹಾಗೆ ನಡೆದಿರಬಹುದು ಎಂದು ಸ್ಕೋಟಸ್ ತೋರಿಸಿದರು. ನಿಜಕ್ಕೂ ಹಾಗೆ ನಡೆಯಿತು ಎಂದು ಹೇಗೆ ತಿಳಿಯುವುದು ಎಂಬುದು ಬೇರೆ ಪ್ರಶ್ನೆ, ಅದು ಇಂದಿಗೂ ಉಳಿದಿದೆ.

ಅಲ್ಲಿಂದ ಫ್ರಾನ್ಸಿಸ್ಕನ್ನರು ಪರ, ಅಕ್ವಿನಾಸರ ಸಂನ್ಯಾಸಿ ಸಂಘವಾದ ಡೊಮಿನಿಕನ್ನರು ವಿರೋಧ. 1439ರಲ್ಲಿ ಬಾಸೆಲ್ ಮಹಾಸಭೆ ಪರವಾಗಿ ಘೋಷಿಸಿತು, ಆದರೆ ಅಷ್ಟರಲ್ಲಿ ಅದು ಪೋಪರ ಜೊತೆ ಮುರಿದುಕೊಂಡಿದ್ದರಿಂದ ಆ ಘೋಷಣೆಗೆ ಬೆಲೆ ಬರಲಿಲ್ಲ. ಸ್ವತಃ ಫ್ರಾನ್ಸಿಸ್ಕನ್ ಆಗಿದ್ದ ಪೋಪ್ ನಾಲ್ಕನೇ ಸಿಕ್ಸ್ಟಸ್ 1476ರಲ್ಲಿ ಹಬ್ಬಕ್ಕೆ ಮನ್ನಣೆ ಕೊಟ್ಟರು. 1483ರಲ್ಲಿ ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆದರೆ ಬಹಿಷ್ಕಾರ ಎಂದು ಎರಡೂ ಕಡೆಯವರಿಗೆ ಎಚ್ಚರಿಕೆ ಕೊಟ್ಟರು. ಜಗಳ ಎಷ್ಟು ಕೆಟ್ಟಿತ್ತೆಂದರೆ, ಬರ್ನ್ ನಗರದ ಡೊಮಿನಿಕನ್ ಮಠವೊಂದರಲ್ಲಿ ಮರಿಯ ತಾವೇ ಕಾಣಿಸಿಕೊಂಡು ‘ನಾನು ಜನ್ಮಪಾಪದಲ್ಲೇ ಮೂಡಿದವಳು’ ಎಂದರೆಂಬ ಸುದ್ದಿ ಹುಟ್ಟಿ, ಅದು ಕಪಟ ಎಂದು ತೀರ್ಪಾಗಿ, 1509ರಲ್ಲಿ ನಾಲ್ವರು ಡೊಮಿನಿಕನ್ನರನ್ನು ಸುಟ್ಟರು. 1546ರಲ್ಲಿ ಟ್ರೆಂಟ್ ಮಹಾಸಭೆ ಜನ್ಮಪಾಪದ ತೀರ್ಮಾನ ಬರೆಯುವಾಗ, ಇದರಲ್ಲಿ ಮರಿಯರನ್ನು ಸೇರಿಸುವ ಉದ್ದೇಶ ನಮಗಿಲ್ಲ ಎಂದಷ್ಟೇ ಹೇಳಿ ಬಿಟ್ಟಿತು. ಆಕೆ ವಿಶೇಷ ಕೃಪೆಯಿಂದ ಜೀವನವಿಡೀ ಅಲ್ಪಪಾಪವನ್ನೂ ಮಾಡಲಿಲ್ಲ ಎಂಬುದನ್ನು ಮರುವರ್ಷ, 1547ರಲ್ಲಿ, ಸಭೆಯ ನಂಬಿಕೆಯಾಗಿ ಉಲ್ಲೇಖಿಸಿತು. ಒಂಬತ್ತನೇ ಪಿಯುಸ್ 1849ರಲ್ಲಿ ಲೋಕದ ಬಿಷಪ್‌ಗಳಿಗೆ ಪತ್ರ ಬರೆದು ಅಭಿಪ್ರಾಯ ಕೇಳಿದಾಗ ಉತ್ತರಿಸಿದ 603 ಮಂದಿಯಲ್ಲಿ 546 ಮಂದಿ ಪರವಾಗಿದ್ದರು. 1854ರ ಹಿಂದೆ ಇಷ್ಟೆಲ್ಲ ಇದೆ. ‘ಪೋಪ್ 1854ರಲ್ಲಿ ಕಟ್ಟಿದ ಹೊಸ ಕಥೆ’ ಎಂದು ನಮ್ಮ ಪ್ರಾಟೆಸ್ಟೆಂಟ್ ಉಪದೇಶಗಳಲ್ಲಿ ಕೇಳುವುದು ಸರಿಯಲ್ಲ. 1854ರಲ್ಲಿ ಹೊಸದಾಗಿ ಬಂದದ್ದು ಕಡ್ಡಾಯ: ಅದುವರೆಗೆ ಒಪ್ಪದೆಯೂ ಒಳ್ಳೆಯ ಕಥೋಲಿಕನಾಗಿರಬಹುದಿತ್ತು, ಆಮೇಲೆ ಆಗಲಿಲ್ಲ.

ಹದಿನಾರನೇ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕರತ್ತ ಬಂದರೆ, ಲೂಥರ್ ನೀವು ಊಹಿಸಿದಂತೆ ಇಲ್ಲ. 1527ರ ಒಂದು ಉಪದೇಶದಲ್ಲಿ ಆತ್ಮ ಕೂಡುವಾಗ ಮರಿಯ ಜನ್ಮಪಾಪದಿಂದ ಶುದ್ಧರಾದರು ಎಂಬ ಅರ್ಥದ ಮಾತಿದೆ. ಮುಂದಿನ ಆವೃತ್ತಿಗಳಲ್ಲಿ ಆ ಭಾಗ ಇಲ್ಲ. ನಂತರದ ವರ್ಷಗಳಲ್ಲಿ ಅವರು ಒತ್ತು ಕೊಟ್ಟದ್ದು ಯೇಸುವಿನ ಗರ್ಭಧಾರಣೆಯಲ್ಲಿ ಪವಿತ್ರಾತ್ಮ ಮಾಡಿದ ಕೆಲಸಕ್ಕೆ. ಮಗನ ಶುದ್ಧತೆ ಅಲ್ಲಿಂದ ಬಂತು ಎಂದಮೇಲೆ ತಾಯಿಗೆ ಪ್ರತ್ಯೇಕ ವಿಶೇಷ ಬೇಕಿಲ್ಲ. ಕ್ಯಾಲ್ವಿನ್ ಇನ್ನೂ ನೇರ. ಯೇಸು ಉಪದೇಶಿಸುವಾಗ ತಾಯಿ ಹೊರಗೆ ಕರೆಸಿದ್ದನ್ನು ತಪ್ಪೆಂದೇ ಬರೆದರು. ಆಂಗ್ಲಿಕನ್ ಸಭೆಯ 39 ವಿಧಿಗಳಲ್ಲಿ 15ನೆಯದರ ತಲೆಬರಹವೇ ‘ಪಾಪರಹಿತನು ಕ್ರಿಸ್ತನೊಬ್ಬನೇ’ ಎಂದು. ಆದರೆ 1947ರಲ್ಲಿ ಹುಟ್ಟಿದ ನಿಮ್ಮ ಸಿ.ಎಸ್.ಐ. ಸಭೆಯ ಸಂವಿಧಾನ ಈ 39 ವಿಧಿಗಳನ್ನು ಸದಸ್ಯರ ಮೇಲೆ ಹೇರುವುದಿಲ್ಲ. ರಕ್ಷಣೆಗೆ ಬೇಕಾದದ್ದೆಲ್ಲ ಪವಿತ್ರಗ್ರಂಥದಲ್ಲಿದೆ ಎಂದು ಒಪ್ಪಿ, ಅಪೊಸ್ತಲರ ಮತ್ತು ನೈಸೀಯ ವಿಶ್ವಾಸಪ್ರಮಾಣಗಳನ್ನು ಹಿಡಿಯುತ್ತದೆ. ಎರಡರಲ್ಲೂ ‘ಕನ್ಯೆ ಮರಿಯ’ ಇದ್ದಾರೆ, ಅವರ ಪಾಪರಾಹಿತ್ಯದ ಮಾತಿಲ್ಲ.

ನಿಮ್ಮ ಸಹೋದ್ಯೋಗಿಯ ಸಭೆ ಸಿರಿಯಾಕ್ ಪರಂಪರೆಯ ಮಲಂಕರ ಆರ್ಥೊಡಾಕ್ಸ್. ಕಾನ್‌ಸ್ಟಾಂಟಿನೋಪಲ್‌ನ ಗ್ರೀಕ್ ಸಭೆಯಿಂದ ಅದು ಬೇರೆ, ಆದರೆ ಈ ವಿಷಯದಲ್ಲಿ ಇಬ್ಬರ ದಾರಿ ಹತ್ತಿರ. ಗ್ರೀಕರು ಆಕೆಯನ್ನು ‘ಸರ್ವಪವಿತ್ರೆ’ ಎಂಬ ಅರ್ಥದಲ್ಲಿ ಪನಾಗಿಯ ಎನ್ನುತ್ತಾರೆ, ಕೆರೂಬಿಯರೆಂಬ ದೇವದೂತರಿಗಿಂತ ಹೆಚ್ಚು ಗೌರವಕ್ಕೆ ಪಾತ್ರರು ಎಂದು ಹಾಡುತ್ತಾರೆ. ಡಿಸೆಂಬರ್ 9ಕ್ಕೆ ಅನ್ನಾ ಗರ್ಭ ಧರಿಸಿದ ಹಬ್ಬವೂ ಇದೆ. ಆದರೂ ಕಾನ್‌ಸ್ಟಾಂಟಿನೋಪಲ್‌ನ ಕುಲಪಿತ (ಸಭೆಯ ಮುಖ್ಯಸ್ಥ) ಏಳನೇ ಆಂಥಿಮೋಸ್ 1895ರ ಸುತ್ತೋಲೆಯಲ್ಲಿ 1854ರ ಘೋಷಣೆಯನ್ನು ರೋಮಿನ ಹೊಸ ಕಟ್ಟು ಎಂದು ತಳ್ಳಿದರು. ಕಾರಣ ಅಗಸ್ಟಿನ್‌ವರೆಗೆ ಹೋಗುತ್ತದೆ. ಆದಾಮನಿಂದ ನಮಗೆ ಬಂದದ್ದು ಮುಖ್ಯವಾಗಿ ಸಾವು ಮತ್ತು ದುರ್ಬಲತೆ, ಅಪರಾಧವಲ್ಲ ಎಂಬುದು ಪೂರ್ವದ ನಿಲುವು. ಅಪರಾಧವೇ ಬಂದಿಲ್ಲವಾದರೆ ಅದರಿಂದ ವಿನಾಯಿತಿ ಏತಕ್ಕೆ? ಮರಿಯ ನಮ್ಮಂಥದೇ ಮಾನವಸ್ವಭಾವದಲ್ಲಿ, ಸಾವಿಗೆ ಒಳಗಾಗಿ, ಕೃಪೆಗೆ ಮನಸ್ಸು ಕೊಟ್ಟು ಪಾಪ ಮಾಡದೆ ಬಾಳಿದರು. ವಿನಾಯಿತಿ ಕೊಟ್ಟರೆ ಆ ಬಾಳಿನ ಹಿರಿಮೆ ಕುಗ್ಗುತ್ತದೆ ಎಂದು ಅವರ ಭಾವನೆ. ಸಿರಿಯಾಕ್ ಗುರು ಸೆರೂಗಿನ ಯಾಕೋಬರು (521ರಲ್ಲಿ ತೀರಿಕೊಂಡವರು) ಗಬ್ರಿಯೇಲನ ವಾರ್ತೆಯ ಹೊತ್ತಿನಲ್ಲಿ ಪವಿತ್ರಾತ್ಮ ಆಕೆಯನ್ನು ಶುದ್ಧಗೊಳಿಸಿತು ಎಂದು ಹಾಡಿದ್ದಾರೆ. ಕಥೋಲಿಕರಿಗೆ ಗರ್ಭದ ಮೊದಲ ಕ್ಷಣ ಹೇಗೋ ಆ ಪರಂಪರೆಗೆ ಲೂಕ 1:35 ಹಾಗೆ.

ಹಾಗಾದರೆ ಯಾರು ಸರಿ? ಬೈಬಲ್ ವಾಕ್ಯಗಳ ಮೇಲೆ ಮಾತ್ರ ನಿಂತರೆ ಅಮಲೋದ್ಭವವನ್ನು ಸಾಬೀತು ಮಾಡಲಾಗದು, ಅದು ನನ್ನ ನಿಲುವು. ಆದರೆ ಅಳಿಯನ ಸಭೆ ವಾಕ್ಯಗಳ ಮೇಲೆ ಮಾತ್ರ ನಿಂತಿಲ್ಲ. ಸಭೆಯ ಪ್ರಾರ್ಥನೆ, ಹಬ್ಬ, ವಿಶ್ವಾಸಿಗಳ ಸಮ್ಮತಿ ಇವುಗಳ ಮೂಲಕ ಪವಿತ್ರಾತ್ಮ ಕಾಲಕ್ರಮದಲ್ಲಿ ಸತ್ಯವನ್ನು ಸ್ಪಷ್ಟಪಡಿಸುತ್ತದೆ, ಅದನ್ನು ಪೋಪ್ ತಪ್ಪಿಲ್ಲದೆ ನಿರ್ಣಯಿಸಬಲ್ಲರು ಎಂದು ಅವರು ನಂಬುತ್ತಾರೆ. ನಿಮ್ಮ ನಿಜವಾದ ಭಿನ್ನಾಭಿಪ್ರಾಯ ಇರುವುದು ಅಲ್ಲಿ. ಆಂಗ್ಲಿಕನ್–ಕಥೋಲಿಕ ಅಂತಾರಾಷ್ಟ್ರೀಯ ಆಯೋಗ 2005ರಲ್ಲಿ ಪ್ರಕಟಿಸಿದ ಹೇಳಿಕೆಯೂ ಇದೇ ಕಡೆಗೆ ಬೊಟ್ಟು ಮಾಡಿತು: ಬೋಧನೆಯ ಹುರುಳು ಪವಿತ್ರಗ್ರಂಥದೊಂದಿಗೆ ಹೊಂದಿಕೆಯಾಗುತ್ತದೆ ಎಂದು ಒಪ್ಪಿಕೊಂಡೇ, ಅದನ್ನು ದೇವರು ಪ್ರಕಟಿಸಿದ ಸತ್ಯವೆಂದು ಎಲ್ಲರೂ ಒಪ್ಪಬೇಕೇ ಎಂಬ ಪ್ರಶ್ನೆಯನ್ನು ಮುಂದಿಟ್ಟಿತು. ರೋಮ 3:23ನ್ನು ಹತ್ತು ಸಲ ಓದಿದರೂ ಆ ಪ್ರಶ್ನೆ ಹಾಗೇ ಇರುತ್ತದೆ. ಅಳಿಯನನ್ನು ಕೇಳಬೇಕಾದದ್ದು ‘ಬೈಬಲಿನಲ್ಲಿ ಎಲ್ಲಿದೆ?’ ಎಂದಲ್ಲ. ‘ಬೈಬಲಿನಲ್ಲಿ ನೇರವಾಗಿ ಇಲ್ಲದ್ದನ್ನು ಕಡ್ಡಾಯ ಮಾಡುವ ಅಧಿಕಾರ ಸಭೆಗೆ ಹೇಗೆ ಬಂತು?’ ಎಂದು ಕೇಳಿ. ಅದಕ್ಕೆ ಅವರ ಬಳಿ ಉತ್ತರವಿರುತ್ತದೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು; ಮಾತಂತೂ ಮುಂದುವರಿಯುತ್ತದೆ.

ಮಗಳ ವಿಷಯ. ಮದುವೆಯಾದ ಮಾತ್ರಕ್ಕೆ ಆಕೆ ಕಥೋಲಿಕಳಾಗುವುದಿಲ್ಲ. ಕಥೋಲಿಕ ಕಾನೂನಿನ 1125ನೇ ವಿಧಿಯ ಪ್ರಕಾರ ಭರವಸೆ ಕೊಡಬೇಕಾದವರು ಅಳಿಯ: ತನ್ನ ವಿಶ್ವಾಸವನ್ನು ಬಿಡುವುದಿಲ್ಲ, ಮಕ್ಕಳಿಗೆ ಕಥೋಲಿಕ ದೀಕ್ಷಾಸ್ನಾನ ಮಾಡಿಸಿ ಆ ವಿಶ್ವಾಸದಲ್ಲೇ ಬೆಳೆಸಲು ಕೈಲಾದ್ದನ್ನೆಲ್ಲ ಮಾಡುತ್ತೇನೆ ಎಂದು. ಈ ಭರವಸೆಯ ವಿಷಯ ಮಗಳಿಗೆ ತಿಳಿದಿರಬೇಕು, ಅಷ್ಟೇ. ಆಕೆ ಸಿ.ಎಸ್.ಐ. ಸದಸ್ಯಳಾಗಿಯೇ ಉಳಿದರೆ ಅಮಲೋದ್ಭವವನ್ನು ನಂಬಬೇಕೆಂದು ಯಾರೂ ಕೇಳುವಂತಿಲ್ಲ. ಹಬ್ಬದ ಪೂಜೆಯಲ್ಲಿ ಮನೆಯವರ ಜೊತೆ ಕೂತು ಪ್ರಾರ್ಥಿಸಲೂ ಅಡ್ಡಿಯಿಲ್ಲ. ಮುಂದೆ ತಾನಾಗಿ ಕಥೋಲಿಕ ಸಭೆಗೆ ಸೇರಲು ಬಯಸಿದರೆ ಮತ್ತೆ ದೀಕ್ಷಾಸ್ನಾನ ಬೇಕಿಲ್ಲ, ಏಕೆಂದರೆ ನೀರಿನಿಂದ ತ್ರಿತ್ವದ ಹೆಸರಿನಲ್ಲಿ ಆದ ಸ್ನಾನವನ್ನು ಅವರು ಮಾನ್ಯ ಮಾಡುತ್ತಾರೆ. ಆದರೆ ಆ ವಿಧಿಯಲ್ಲಿ ‘ದೇವರು ಪ್ರಕಟಿಸಿದ್ದೆಂದು ಕಥೋಲಿಕ ಸಭೆ ನಂಬಿ, ಕಲಿಸಿ, ಸಾರುವುದನ್ನೆಲ್ಲ ನಾನು ನಂಬುತ್ತೇನೆ’ ಎಂಬ ಅರ್ಥದ ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳಬೇಕು. 1854ರ ಘೋಷಣೆ ಆ ಒಂದು ವಾಕ್ಯದೊಳಗೆ ಸೇರಿದೆ. ಮನಸ್ಸಿನಲ್ಲಿ ಒಪ್ಪದೆ ಅದನ್ನು ಹೇಳಬಾರದು. ಸಂದೇಹವಿದ್ದರೆ ವಿಧಿಯ ದಿನಕ್ಕೆ ಮೊದಲೇ ಪಾದ್ರಿಯವರ ಬಳಿ ಬಿಚ್ಚಿ ಮಾತಾಡಬೇಕು.

ಡಿಸೆಂಬರ್ 8ಕ್ಕೆ ನೀವೂ ಅವರ ಚರ್ಚಿಗೆ ಹೋಗುವುದಾದರೆ ಬಲಿಪೂಜೆಯ ಆರಂಭದ ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿ. ದೇವರು ತನ್ನ ಮಗನ ಮರಣವನ್ನು ಮುಂಚಿತವಾಗಿ ಕಂಡು, ಆ ಮರಣದ ಬಲದಿಂದಲೇ ಆಕೆಯನ್ನು ಎಲ್ಲ ಕಳಂಕದಿಂದ ಕಾಪಾಡಿದನು ಎಂದು ಅದರಲ್ಲಿ ಬರುತ್ತದೆ. ಅಳಿಯನ ಜೊತೆ ಮುಂದಿನ ಸಲ ಮಾತಾಡುವಾಗ ಆ ಪ್ರಾರ್ಥನೆಯನ್ನೂ ಲೂಕ 1:47ನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳಿ. ಮರಿಯ ಅವರಿಗೂ ಕ್ರಿಸ್ತನೇ ರಕ್ಷಕ ಎಂಬಲ್ಲಿ ನಿಮಗಿಬ್ಬರಿಗೂ ಭಿನ್ನವಿಲ್ಲ. ರಕ್ಷಣೆ ಹೇಗೆ, ಯಾವಾಗ ಆಯಿತು ಎಂಬಲ್ಲಿಂದ ಮುಂದಕ್ಕೆ ಚರ್ಚಿಸಬಹುದು.